ಮದ್ಯ ತಂದ ಜಾಡಿ, ಮೆಣಸು ಒಯ್ದ ಹಡಗು

ಮೂಡಿಗೆರೆ, ಕಳಸದ ತೋಟಗಳಲ್ಲಿ ಸಿಲ್ವರ್ ಓಕ್ ಮರವನ್ನು ತಬ್ಬಿ ಬೆಳೆಯುವ ಕಾಳುಮೆಣಸಿನ ಬಳ್ಳಿ ಕಾಫಿಯ ನಡುವಿನ ಉಪಬೆಳೆ ಎಂದೇ ಎಲ್ಲರ ಲೆಕ್ಕ. ನಿಜವಾಗಿ ಈ ಗುಡ್ಡಗಳಿಗೆ ಕಾಫಿಯೇ ಹೊಸಬ. ಬಾಬಾಬುಡನ್ ಅದನ್ನು ತಂದದ್ದು 17ನೇ ಶತಮಾನದಲ್ಲಿ ಎಂಬುದು ಪ್ರತೀತಿ. ಮೆಣಸು ಪಶ್ಚಿಮಘಟ್ಟದ ಕಾಡಿನದೇ ಬಳ್ಳಿ. ಅದಕ್ಕಾಗಿ ಎರಡು ಸಾವಿರ ವರ್ಷಗಳ ಹಿಂದೆ ರೋಮನ್ ಸಾಮ್ರಾಜ್ಯದ ಹಡಗುಗಳು ಕೇರಳದ ಮುಚಿರಿ ಬಂದರಿಗೆ ಬರುತ್ತಿದ್ದವು. ಮಲೆನಾಡಿಗೆ ಮಳೆ ಸುರಿಸುವ ಮುಂಗಾರು ಗಾಳಿಯೇ ಅವನ್ನು ಕೆಂಪು ಸಮುದ್ರದ ಕಡೆಯಿಂದ ಇತ್ತ ತರುತ್ತಿತ್ತು.

ಬರುವಾಗ ಹಡಗಿನಲ್ಲಿ ದ್ರಾಕ್ಷಿ ಮದ್ಯ ತುಂಬಿದ ಆಂಫೊರಾಗಳಿರುತ್ತಿದ್ದವು. ಆಂಫೊರಾ ಎಂದರೆ ಕಿರಿದಾದ ಕತ್ತು, ಎರಡು ಹಿಡಿ, ಚೂಪು ತಳದ ಮಣ್ಣಿನ ಜಾಡಿ. ನೆಲದ ಮೇಲೆ ನಿಲ್ಲದ ಈ ಜಾಡಿಯನ್ನು ಯಾರು ಬಯಸಿದರೋ ಎನಿಸಬಹುದು. ಹಡಗಿನ ಹೊಟ್ಟೆಯಲ್ಲಿ ಒಂದಕ್ಕೊಂದು ಒತ್ತಿ ಜೋಡಿಸಲು ಆ ಆಕಾರವೇ ಅನುಕೂಲ.

ಚೂರು ಸಿಕ್ಕರೆ ಅದರ ಊರು ತಿಳಿಯುವುದು ಹೇಗೆ? ಮಣ್ಣೇ ಹೇಳುತ್ತದೆ. ಇಟಲಿಯ ವೆಸೂವಿಯಸ್ ಸುತ್ತಲಿನ ಜಾಡಿಯ ಮಣ್ಣಿನಲ್ಲಿ ಜ್ವಾಲಾಮುಖಿಯ ಕಪ್ಪು ಮರಳಿನ ಕಣಗಳಿರುತ್ತವೆ. ಗ್ರೀಸಿನ ಕಾಸ್ ದ್ವೀಪದ ಮಾದರಿಗೆ ಜೋಡಿ ಹುರಿಯಂಥ ಹಿಡಿ. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ 1945ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ಇಂಥ ಚೂರುಗಳು ಸಿಕ್ಕವು. ಮುಚಿರಿ ಇದೇ ಇರಬೇಕೆಂದು ಹಲವರು ನಂಬುವ ಪಟ್ಟಣಂನಲ್ಲಿ 2007ರಿಂದ ನಡೆದ ಉತ್ಖನನದಲ್ಲಿ ಸಾವಿರಾರು ಚೂರುಗಳು ದೊರೆತವು.

ತಜ್ಞರೂ ಎಡವುವುದುಂಟು. ಭಾರತದಲ್ಲಿ ರೋಮನ್ ಎಂದು ಗುರುತಿಸಿದ್ದ ಹಲವು ಚೂರುಗಳು ಒಳಗೆ ಡಾಂಬರು ಬಳಿದ ಮೆಸೊಪೊಟೇಮಿಯಾದ ಜಾಡಿಗಳವು, ಕಾಲವೂ ಈಚಿನದು ಎಂದು ಬ್ರಿಟನ್ನಿನ ರೊಬರ್ಟಾ ಟಾಂಬರ್ 2007ರಲ್ಲಿ ತೋರಿಸಿದರು.

ಆಂಫೊರಾ ಭಾರವಾದ್ದು. ಚೂರುಗಳು ಹೇರಳವಾಗಿ ಸಿಗುವುದು ಬಂದರುಗಳಲ್ಲೇ. ಒಳನಾಡಿಗೆ ದೂರ ನಡೆದದ್ದು ನಾಣ್ಯ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿಯ ದಿನಾರಿಗಳು ದೊರೆತಿವೆ. ಒಂದು ಪೌಂಡ್ ಕರಿಮೆಣಸಿಗೆ ಅಂಥ 4 ದಿನಾರಿ ಬೆಲೆ ಎಂದು ರೋಮಿನ ಪ್ಲಿನಿ ಬರೆದಿದ್ದಾನೆ.

ಮೆಣಸು ಹೋದದ್ದಕ್ಕೂ ಒಂದು ಜಾಡಿಯ ಸಾಕ್ಷಿಯಿದೆ. ಈಜಿಪ್ಟಿನ ಬೆರೆನಿಕೆ ಬಂದರಿನ ದೇವಾಲಯದ ಅಂಗಳದಲ್ಲಿ ಹೂತಿದ್ದ ಅದು 1999ರಲ್ಲಿ ಸಿಕ್ಕಿತು. ಜಾಡಿ ಭಾರತದ್ದೇ. ಅದರೊಳಗೆ ಸುಮಾರು ಏಳೂವರೆ ಕಿಲೋ ಕಾಳುಮೆಣಸು ಇನ್ನೂ ಹಾಗೆಯೇ ಇತ್ತು.