ಬೆರಳಸಂದಿಯ ಹುಣ್ಣು, ತೊಡೆಸಂದಿಯ ಗೆಡ್ಡೆ

ತಿ. ನರಸೀಪುರದ ಕಡೆ ನಾಟಿ ಶುರುವಾಯಿತೆಂದರೆ ಕಾಲ್ಬೆರಳ ಸಂದಿಗೆ ಕೆಸರುಹುಣ್ಣು ಬಂತೆಂದೇ ಲೆಕ್ಕ. ಸದಾ ಒದ್ದೆಯಾಗಿರುವ ಚರ್ಮದಲ್ಲಿ ಶಿಲೀಂಧ್ರ, ಅಂದರೆ ಬೂಷ್ಟಿನ ಬಳಗದ ಜೀವಿ, ಸುಲಭವಾಗಿ ಬೆಳೆಯುತ್ತದೆ. ಕೆಲವರಿಗೆ ತೊಡೆಸಂದಿಯಲ್ಲಿ ಗೆಡ್ಡೆಯೂ ಕಟ್ಟುತ್ತದೆ. ಹುಣ್ಣು ಕಾಲಲ್ಲಿ, ಗೆಡ್ಡೆ ಅಲ್ಲೇಕೆ?

ಮಕ್ಕಳೇ, ರಕ್ತನಾಳಗಳಂತೆಯೇ ಮೈಯೊಳಗೆ ದುಗ್ಧನಾಳಗಳೂ ಇವೆ. ಇವುಗಳಲ್ಲಿ ಹರಿಯುವ ದುಗ್ಧರಸಕ್ಕೆ ಹೃದಯದಂಥ ಪಂಪಿಲ್ಲ. ನಾಳಗಳು ತಾವೇ ಹಿಂಡಿಕೊಳ್ಳುತ್ತವೆ, ನಡೆದಾಗ ಸ್ನಾಯುಗಳೂ ಒತ್ತುತ್ತವೆ, ರಸ ಮೇಲೇರುತ್ತದೆ. ದಾರಿಯಲ್ಲಿ ದುಗ್ಧಗ್ರಂಥಿಗಳಿವೆ. ಬ್ಯಾಂಕಿನಲ್ಲಿ ನೋಟು ಎಣಿಸಿದ ನನಗೆ ಅವು ಖೋಟಾ ನೋಟು ಹಿಡಿಯುವ ಕ್ಯಾಷ್ ಕೌಂಟರಿನಂತೆ ಕಾಣುತ್ತವೆ! ಬಿರಿದ ಚರ್ಮದಿಂದ ಬ್ಯಾಕ್ಟೀರಿಯಾ ನುಗ್ಗಿದರೆ ತೊಡೆಸಂದಿಯ ಗ್ರಂಥಿಗಳು ಅವನ್ನು ತಡೆಯುತ್ತ ಊದಿಕೊಳ್ಳುತ್ತವೆ.

ಇನ್ನು ಮದ್ದಿನ ಮಾತು. ನಂಜನಗೂಡೆಂದರೆ ಹಲ್ಲುಪುಡಿ ನೆನಪಾಗುತ್ತದೆ, ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ಕಟ್ಟಿದ ಊರದು. ಗಿಡಮೂಲಿಕೆಯ ನಂಬಿಕೆ ನಮ್ಮಲ್ಲಿ ಗಟ್ಟಿ. ಹಳದಿ ಹೂಗೊಂಚಲಿನ ಸೀಮೆ ಅಗಸೆಯ ಎಲೆಯನ್ನು ಹುಳುಕಡ್ಡಿಗೆ ಅರೆದು ಹಚ್ಚುವವರಿದ್ದಾರೆ. ಪ್ರಯೋಗಾಲಯದಲ್ಲಿ ಇಂಥ ಎಲೆಯ ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ಶಿಲೀಂಧ್ರ ಬಿತ್ತಿದ ತಟ್ಟೆಯಲ್ಲಿಡುತ್ತಾರೆ. ಸಾರಕ್ಕೆ ಶಕ್ತಿಯಿದ್ದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ಉಂಗುರ ಮೂಡುತ್ತದೆ. ನೋಡಲು ಚೆಂದ. ಆದರೆ ತಟ್ಟೆ ಕಾಲಲ್ಲ: ಎಷ್ಟು ಹಚ್ಚಬೇಕು, ಚರ್ಮ ಸುಡುತ್ತದೆಯೇ ಎಂಬುದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಬಿರಿದ ಹುಣ್ಣಿಗೆ ಹಸಿ ಎಲೆ ಬೇಡವೆಂದೇ ನನ್ನ ಮಾತು. ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಮುಲಾಮೂ ಬೇಡ; ತುರಿಕೆ ಅಡಗುತ್ತದೆ, ಶಿಲೀಂಧ್ರ ಹಬ್ಬುತ್ತದೆ.

ಗದ್ದೆಯಿಂದ ಬಂದೊಡನೆ ಕಾಲು ತೊಳೆದು ಬೆರಳಸಂದಿ ಒರೆಸಿಕೊಳ್ಳಿ. ಸಕ್ಕರೆ ಕಾಯಿಲೆಯ ಅಜ್ಜ ಅಜ್ಜಿಯರಿಗೆ ಬಗ್ಗಲಾಗದಿದ್ದರೆ ಮೊಮ್ಮಕ್ಕಳು ನೋಡಲಿ. ಜ್ವರ ಬಂದು ಕಾಲಿನ ಮೇಲೆ ಕೆಂಪು ಗೆರೆ ಏರಿದರೆ ಅಂದೇ ವೈದ್ಯರಲ್ಲಿಗೆ ಹೋಗಿ.