ಬಿಸಿಲೂ ಒಂದು ಬೆಳೆ: ಢುಂಡಿ ಗ್ರಾಮದ ಸೌರ ಸಹಕಾರ ಸಂಘ

ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ 2008ರಿಂದ ವಿದ್ಯುತ್ತನ್ನು ಉಚಿತವಾಗಿ ಒದಗಿಸಲಾಗುತ್ತಿದೆ. ಇದರಿಂದ ಸಣ್ಣ ರೈತರಿಗೆ ಆಗಿರುವ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ಕರೆಂಟು ಬಂದಾಗ ಪಂಪು ತಾನಾಗಿಯೇ ಓಡಲೆಂದು ಸ್ಟಾರ್ಟರಿಗೆ ಆಟೋ ಸ್ವಿಚ್ ಹಾಕಿಬಿಡುವ ರೂಢಿಯೂ ಬೆಳೆದಿದೆ. ಬೆಳೆಗೆ ಸಾಕಾಯಿತೆಂದು ಒಂದು ಗಂಟೆ ಮೊದಲೇ ಪಂಪು ನಿಲ್ಲಿಸಿದ ರೈತನ ಕೈಗೆ ಅದರಿಂದ ಬರುವುದೇನೂ ಇಲ್ಲ. ಆಳಕ್ಕೆ ಇಳಿಯುವುದು ಮಾತ್ರ ಎಲ್ಲರ ಅಂತರ್ಜಲ. ಉಳಿಸಿದ ವಿದ್ಯುತ್ತಿಗೆ ಬೆಲೆ ಸಿಗುವಂತಾದರೆ ಏನಾದೀತು? ಗುಜರಾತಿನ ಒಂದು ಸಣ್ಣ ಗ್ರಾಮದ ಅನುಭವ ಇಲ್ಲಿ ತಿಳಿಯತಕ್ಕದ್ದಾಗಿದೆ.

ಢುಂಡಿಯ ಪ್ರಯೋಗ

ಖೇಡಾ ಜಿಲ್ಲೆಯ ಢುಂಡಿ ಗ್ರಾಮದ ರೈತರು ಡೀಸೆಲ್ ಎಂಜಿನ್ನಿನಿಂದ ನೀರೆತ್ತುತ್ತಿದ್ದರು. 2016ರಲ್ಲಿ ಅಲ್ಲಿನ 6 ಮಂದಿ ರೈತರು, ಅಂತರರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆಯ ನೆರವಿನಿಂದ ತಮ್ಮ ಹೊಲಗಳಲ್ಲಿ ಸೌರ ಪಂಪುಗಳನ್ನು ಸ್ಥಾಪಿಸಿ, ಸಹಕಾರ ಸಂಘವೊಂದನ್ನು ರಚಿಸಿಕೊಂಡರು. ಎಲ್ಲರ ಫಲಕಗಳ ಒಟ್ಟು ಸಾಮರ್ಥ್ಯ ಸುಮಾರು 56 ಕಿಲೋವಾಟ್.

ಬರಿಯ ಸೌರ ಪಂಪಿನಲ್ಲಿ ಒಂದು ಕೊರತೆಯಿದೆ. ಬೆಳೆಗೆ ನೀರು ಬೇಡವಾದ ದಿನ ಬಿದ್ದ ಬಿಸಿಲು ವ್ಯರ್ಥವಾಗುತ್ತದೆ. ಆದ್ದರಿಂದ ಹೆಚ್ಚಾದ ವಿದ್ಯುತ್ತನ್ನು ಯೂನಿಟ್ಟಿಗೆ 4 ರೂ. 63 ಪೈಸೆಯಂತೆ 25 ವರ್ಷ ಕೊಳ್ಳಲು ಮಧ್ಯ ಗುಜರಾತ್ ವಿಜ್ ಕಂಪನಿಯು ಸಂಘದೊಡನೆ ಒಪ್ಪಂದ ಮಾಡಿಕೊಂಡಿತು. ಪ್ರತಿಯಾಗಿ ರೈತರು ರಿಯಾಯಿತಿ ದರದ ವಿದ್ಯುತ್ ಸಂಪರ್ಕದ ಹಕ್ಕನ್ನು ಬಿಟ್ಟುಕೊಟ್ಟರು. ಇದರ ಮೇಲೆ, ಶುದ್ಧ ವಿದ್ಯುತ್ತಿಗೆ 1 ರೂ. 25 ಪೈಸೆ ಹಾಗೂ ನೀರಿನ ಉಳಿತಾಯಕ್ಕೆ 1 ರೂ. 25 ಪೈಸೆಯ ಪ್ರೋತ್ಸಾಹಧನವನ್ನು ನೆರವಿತ್ತ ಸಂಸ್ಥೆಯು ಪ್ರಯೋಗದ ಅವಧಿಗೆ ನೀಡಿತು.

ಹಂಚಿಕೆ ಹೇಗೆ?

ಫಲಕದಿಂದ ಬರುವುದು ನೇರ ವಿದ್ಯುತ್ತು. ಇನ್ವರ್ಟರ್ ಎಂಬ ಸಾಧನ ಇದನ್ನು ಲೈನಿಗೆ ಹೊಂದುವ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಪ್ರತಿಯೊಬ್ಬ ರೈತನ ಹೊಲದಲ್ಲೂ ಒಂದು ಮೀಟರ್ ಇರುತ್ತದೆ. ಎಲ್ಲರ ವಿದ್ಯುತ್ತೂ ಒಂದೇ ತಂತಿಯಲ್ಲಿ ಕೂಡಿ, ಒಂದೇ ಜಾಗದಲ್ಲಿ ಕಂಪನಿಯ ಲೈನನ್ನು ಸೇರುತ್ತದೆ. ಕಂಪನಿಯು ಅಲ್ಲಿನ ಒಂದು ಮೀಟರನ್ನು ಓದಿ ಸಂಘಕ್ಕೆ ಹಣ ಪಾವತಿ ಮಾಡುತ್ತದೆ. ಸಂಘವು ಅವರವರ ಮೀಟರಿನಂತೆ ಹಂಚುತ್ತದೆ. ಹಾಲಿನ ಡೈರಿಯಲ್ಲಿ ಹಾಲು ಅಳೆದು ಬಟವಾಡೆ ಮಾಡುವ ಕ್ರಮವೇ ಇಲ್ಲಿಯೂ ನಡೆಯುತ್ತದೆ.

ಒಂದು ಗಂಟೆಯ ಲೆಕ್ಕ

5 ಅಶ್ವಶಕ್ತಿಯ ಪಂಪು ಗಂಟೆಗೆ ಸುಮಾರು 3.7 ಯೂನಿಟ್ ಬಳಸುತ್ತದೆಂದು ಹಿಡಿಯೋಣ. ಅಷ್ಟನ್ನು ಢುಂಡಿಯ ಮೂಲ ದರದಲ್ಲಿ ಮಾರಿದರೆ ಸುಮಾರು 17 ರೂಪಾಯಿ. ಪ್ರೋತ್ಸಾಹಧನ ಸೇರಿದರೆ ಸುಮಾರು 26 ರೂಪಾಯಿ. ಅಂದರೆ ಪಂಪನ್ನು ಒಂದು ಗಂಟೆ ಸುಮ್ಮನೆ ಓಡಿಸಿದರೆ ಅಷ್ಟು ಹಣವನ್ನು ಕಾಲುವೆಗೆ ಸುರಿದಂತೆ. ಈ ಲೆಕ್ಕ ಮನಸ್ಸಿಗೆ ಬಂದ ರೈತನಿಗೆ ನೀರು ಉಳಿಸೆಂದು ಬೇರೆ ಹೇಳಬೇಕಾಗಿಲ್ಲ.

ಆದರೆ ಒಂದು ಎಚ್ಚರಿಕೆ. ಢುಂಡಿಯ ಸದಸ್ಯರು ನೆರೆಯ ರೈತರಿಗೆ ನೀರನ್ನೂ ಮಾರಿದ್ದಾರೆ. ಯೂನಿಟ್ಟಿನ ಬೆಲೆ ತೀರ ಕಡಿಮೆಯಾದರೆ ವಿದ್ಯುತ್ತಿಗಿಂತ ನೀರು ಮಾರುವುದೇ ಲಾಭವಾಗಿ, ಅಂತರ್ಜಲ ಇನ್ನಷ್ಟು ಕುಸಿದೀತು. ಬೆಲೆ ಅತಿಯಾದರೆ ಕೊಳ್ಳುವ ಕಂಪನಿಗೆ ಹೊರೆಯಾಗುತ್ತದೆ. ಸರಿಯಾದ ದರದ ನಿಗದಿಯೇ ಇದರ ಜೀವಾಳ. ನಮ್ಮಲ್ಲಿಯೂ 2014ರಲ್ಲಿ 'ಸೂರ್ಯ ರೈತ' ಯೋಜನೆಯು ಹೆಚ್ಚುವರಿ ವಿದ್ಯುತ್ತಿನ ಖರೀದಿಯನ್ನು ಸೇರಿಸಿಕೊಂಡೇ ರೂಪುಗೊಂಡಿತ್ತು. 2019ರ ಕೇಂದ್ರದ ಕುಸುಮ್ ಯೋಜನೆಯಲ್ಲಿಯೂ ಪಂಪ್‌ಸೆಟ್ಟುಗಳ ಸೌರೀಕರಣಕ್ಕೆ ಅವಕಾಶ ಕಲ್ಪಿಸಲಾಯಿತು.

ಮನೆಯ ಚಾವಣಿಯಲ್ಲಿ

ಇದೇ ತತ್ತ್ವ ಮನೆಗೂ ಅನ್ವಯಿಸುತ್ತದೆ. 1 ಕಿಲೋವಾಟ್ ಫಲಕಕ್ಕೆ ಸುಮಾರು 100 ಚದರ ಅಡಿ ನೆರಳಿಲ್ಲದ ಚಾವಣಿ ಬೇಕು. ದಿನಕ್ಕೆ ಸರಾಸರಿ 4 ಯೂನಿಟ್ ದೊರೆಯುತ್ತದೆ. ಎರಡೂ ದಿಕ್ಕಿನ ಮೀಟರು ಲೈನಿನಿಂದ ಪಡೆದದ್ದನ್ನೂ ಲೈನಿಗೆ ಕೊಟ್ಟದ್ದನ್ನೂ ಬೇರೆ ಬೇರೆಯಾಗಿ ದಾಖಲಿಸುತ್ತದೆ. 2024ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟಿಗೆ 30,000 ರೂ., 2 ಕಿಲೋವಾಟಿಗೆ 60,000 ರೂ., 3 ಕಿಲೋವಾಟ್ ಮತ್ತು ಮೇಲ್ಪಟ್ಟವುಗಳಿಗೆ 78,000 ರೂ. ಸಹಾಯಧನವನ್ನು ನಿಗದಿಪಡಿಸಲಾಯಿತು.

ಗಮನಿಸಬೇಕಾದ ಅಂಶಗಳು

1. ಬ್ಯಾಟರಿಯಿಲ್ಲದ ವ್ಯವಸ್ಥೆಯಲ್ಲಿ ಲೈನಿನ ಕರೆಂಟು ಹೋದರೆ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ಇದು ದೋಷವಲ್ಲ, ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ನನ ಪ್ರಾಣರಕ್ಷಣೆಗಾಗಿ ಮಾಡಿದ ಏರ್ಪಾಡು.

2. ಫಲಕಗಳು ದಕ್ಷಿಣಕ್ಕೆ ಮುಖಮಾಡಿರಲಿ. ತೆಂಗಿನ ಗರಿಯ ಅಥವಾ ನೀರಿನ ತೊಟ್ಟಿಯ ನೆರಳು ಒಂದು ಮೂಲೆಗೆ ಬಿದ್ದರೂ ಉತ್ಪಾದನೆ ಕುಗ್ಗುತ್ತದೆ.

3. ಧೂಳನ್ನು ಬೆಳಗಿನ ತಂಪಿನಲ್ಲಿ ತೊಳೆಯಿರಿ. ಕಾದ ಗಾಜಿನ ಮೇಲೆ ತಣ್ಣೀರು ಹಾಕಬೇಡಿ.

4. ಹಣ ಕಟ್ಟುವ ಮೊದಲು ವಿದ್ಯುತ್ ಕಚೇರಿಯಲ್ಲಿ ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯ, ಖರೀದಿ ದರ ಮತ್ತು ಒಪ್ಪಂದದ ಅವಧಿಯನ್ನು ವಿಚಾರಿಸಿ, ಬರಹದಲ್ಲಿ ಪಡೆದುಕೊಳ್ಳಿ.

5. ಪ್ರತಿ ತಿಂಗಳು ಮೀಟರಿನ ಎರಡೂ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡಿ.

ವಿಸ್ತರಣಾ ಕಾರ್ಯಕರ್ತರು ಸೌರ ಫಲಕದ ಸಹಾಯಧನವನ್ನು ತಿಳಿಸುವುದರ ಜೊತೆಗೆ ಮೇಲಿನ ಒಂದು ಗಂಟೆಯ ಲೆಕ್ಕವನ್ನೂ ರೈತರಿಗೆ ಮಾಡಿ ತೋರಿಸುವುದು ಒಳ್ಳೆಯದು. ಬಿಸಿಲು ಪ್ರತಿದಿನವೂ ಬರುತ್ತದೆ. ಬತ್ತಿದ ಕೊಳವೆಬಾವಿ ತುಂಬಲು ಮಳೆಗಾಲಗಳೇ ಬೇಕು.