ತಾಮ್ರದ ತಕರಾರಿನಿಂದ ಒಂದು ಆಟ

1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಂಥ ಆಟಗಳಲ್ಲಿ ಆಟಗಾರರು ಒಂದೊಂದು ಪಾತ್ರ ವಹಿಸಿ, ಮಾತಿನಲ್ಲೇ ಕಥೆ ಬೆಳೆಸುತ್ತಾರೆ. ಆ ಕಥೆ ಪ್ರಾಚೀನ ಮೆಸೊಪೊಟೇಮಿಯದಲ್ಲಿ ನಡೆಯಬೇಕೆಂದರೆ ಸಾಮಗ್ರಿ ಎಲ್ಲಿಂದ? ಗಿಲ್ಗಮೆಶ್ ಕಾವ್ಯವಿದೆ, ನಿಜ. ಆದರೆ ಅಲ್ಲಿ ಅರಸರದೂ ದೇವತೆಗಳದೂ ದರ್ಬಾರು. ಪೇಟೆಯ ದನಿ ಬೇಕಿದ್ದರೆ ಜೇಡಿಮಣ್ಣಿನ ಹಲಗೆಗಳ ಮೇಲಿನ ಪತ್ರಗಳನ್ನೇ ನೋಡಬೇಕು.

ಇಂದಿನ ಇರಾಕಿನಲ್ಲಿದ್ದ ಉರ್ ನಗರದ ಅಂಥದೊಂದು ಪತ್ರ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅಂಗೈಯಷ್ಟು ಗಾತ್ರ, ಕಾಲ ಕ್ರಿ.ಪೂ. 1750ರ ಸುಮಾರು. ನನ್ನಿ ಎಂಬಾತ ಅದರಲ್ಲಿ ವರ್ತಕ ಎಯಾ-ನಾಸಿರ್‌ನನ್ನು ತರಾಟೆಗೆ ತೆಗೆದುಕೊಂಡಿದ್ದಾನೆ: ತೋರಿಸಿದ ತಾಮ್ರ ಕಳಪೆ, ಹಣ ಕೇಳಲು ಹೋದವರು ಶತ್ರು ಸೀಮೆ ದಾಟಿ ಬರಿಗೈಯಲ್ಲಿ ಮರಳಿದರು, ಸಾಲದ್ದಕ್ಕೆ ಅವಮಾನ ಬೇರೆ. (ನಮ್ಮ ಪಾತ್ರೆ ಅಂಗಡಿಯ ಜಗಳ ನೆನಪಾದರೆ ತಪ್ಪಲ್ಲ.) ಆ ದೂತರು ಯಾವ ದಾರಿ ಹಿಡಿದರು, ಯಾರ ಕಣ್ಣು ತಪ್ಪಿಸಿದರು ಎಂಬುದು ಪತ್ರದಲ್ಲಿಲ್ಲ. ಅದನ್ನು ಆಟಗಾರರೇ ಆಡಿ ತೋರಿಸಬೇಕು.